ಬಾತುಕೋಳಿಯ ಪಗಾರ ಕೊಡುವವರು ಯಾರು? ಪೋರ್ಚುಗೀಸ್ ನುಡಿಗಟ್ಟುಗಳ ಕುರಿತು ಓದುಗರ ಪ್ರಶ್ನೆಗಳು

ಪೋರ್ಚುಗೀಸ್ ಭಾಷೆಯನ್ನು ಕಲಿಯುತ್ತಿರುವ ಓದುಗರಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ವ್ಯಾಕರಣವನ್ನು ಕುರಿತವಲ್ಲ. ಕ್ರಿಯಾಪದಗಳ ರೂಪಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವರೂ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಸಭೆಯಲ್ಲಿ ಜನರಾಡುವ ಮಾತು ತಿಳಿಯದೆ ಕಂಗಾಲಾಗಿ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಪುಟಗಳನ್ನು ಆಡುಮಾತಿನ ನುಡಿಗಟ್ಟುಗಳಿಗೇ ಮೀಸಲಿಟ್ಟಿದ್ದೇನೆ. ಉಚ್ಚಾರಣೆಯನ್ನು ಕನ್ನಡ ಲಿಪಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರವಾಗಿ ಬರೆದಿದ್ದೇನೆ. ಪೋರ್ಚುಗಲ್ಲಿನ ನುಡಿಯನ್ನು ಅಲ್ಲಿಯವರು ಹೇಳುವಂತೆ, ಬ್ರೆಜಿಲ್ಲಿನದನ್ನು ಬ್ರೆಜಿಲ್ಲಿನವರು ಹೇಳುವಂತೆ ಓದಿಕೊಳ್ಳಬೇಕು.

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಪೋರ್ಚುಗಲ್ಲಿನ ಕೊಯಿಂಬ್ರ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಹೊರಡುವ ಮೊದಲು ಎಂಟು ತಿಂಗಳು ಮೊಬೈಲ್ ಆ್ಯಪ್ ಒಂದರಲ್ಲಿ ಪೋರ್ಚುಗೀಸ್ ಕಲಿತಿದ್ದೆ. ಇಲ್ಲಿ ಪ್ರತಿಯೊಬ್ಬರೂ ಎರಡು ಮಾತಿಗೊಮ್ಮೆ ‘ಪೊಯ್ಶ್’ ಎನ್ನುತ್ತಾರೆ. ನಿಘಂಟು ಅದಕ್ಕೆ ‘ಏಕೆಂದರೆ’ ಎಂಬ ಅರ್ಥ ಕೊಡುತ್ತದೆ, ಆದರೆ ಆ ಅರ್ಥ ಎಲ್ಲಿಯೂ ಹೊಂದುವುದಿಲ್ಲ. ನಾನು ಕಷ್ಟಪಟ್ಟು ಮಾತು ಆರಂಭಿಸಿದರೆ ಎದುರಿನವರು ತಟ್ಟನೆ ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ಏನು ಮಾಡಲಿ?

ಉತ್ತರ: ನಿಘಂಟು ಸುಳ್ಳು ಹೇಳಿಲ್ಲ, ಅದು ಬರವಣಿಗೆಯ ‘ಪೊಯ್ಶ್’ ಬಗ್ಗೆ ಹೇಳಿದೆ. ಆಡುಮಾತಿನ ‘ಪೊಯ್ಶ್’ ಎಂಬುದು ನಮ್ಮ ಹೂಂಗುಟ್ಟುವಿಕೆ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟದಿದ್ದರೆ ಆಕೆ ಕಥೆ ನಿಲ್ಲಿಸಿ ‘ಮಲಗಿದ್ರೇನೋ?’ ಎಂದು ಕೇಳುತ್ತಾಳಲ್ಲವೇ? ಲಿಸ್ಬನ್ನಿನಲ್ಲಿಯೂ ಕೊಯಿಂಬ್ರದಲ್ಲಿಯೂ ಎದುರಿನವರ ಮಾತಿಗೆ ಆಗಾಗ ‘ಪೊಯ್ಶ್’ ಸೇರಿಸದೆ ಸುಮ್ಮನೆ ಕೇಳುತ್ತಾ ನಿಂತರೆ, ನಿಮಗೆ ಅರ್ಥವಾಗುತ್ತಿಲ್ಲವೆಂದು ಅವರು ಭಾವಿಸುತ್ತಾರೆ. ಇಂಗ್ಲಿಷಿಗೆ ಹೊರಳುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣವೆಂದರೆ, ಆ ದೇಶದ ದೂರದರ್ಶನದಲ್ಲಿಯೂ ಚಿತ್ರಮಂದಿರಗಳಲ್ಲಿಯೂ ವಿದೇಶಿ ಚಿತ್ರಗಳನ್ನು ಸಾಮಾನ್ಯವಾಗಿ ಡಬ್ ಮಾಡದೆ ಅಡಿಬರಹದೊಂದಿಗೆ ತೋರಿಸುವ ರೂಢಿ ಇರುವುದರಿಂದ ಅಲ್ಲಿಯವರ ಕಿವಿ ಬಾಲ್ಯದಿಂದಲೇ ಇಂಗ್ಲಿಷಿಗೆ ಒಗ್ಗಿಹೋಗಿರುತ್ತದೆ. ಅವರು ಹೊರಳುವುದು ಸೌಜನ್ಯದಿಂದಲೇ ಹೊರತು ತಾತ್ಸಾರದಿಂದಲ್ಲ.

ಈ ಒಂದು ಮಾತಿನ ಏರಿಳಿತಗಳನ್ನು ಕಲಿಯುವುದಕ್ಕೆ ಒಂದು ತಿಂಗಳು ಕೊಟ್ಟರೂ ನಷ್ಟವಿಲ್ಲ. ಚಿಕ್ಕದಾಗಿ ‘ಪೊಯ್ಶ್’ ಎಂದರೆ ‘ಹೂಂ, ಹೇಳಿ’ ಎಂದು. ಎಳೆದು ‘ಪೋ...ಯ್ಶ್’ ಎಂದರೆ ‘ಹೌದ್ಹೌದು, ನೀನು ಹೇಳಿದೆ, ನಾನು ನಂಬಿದೆ’ ಎಂಬ ಧಾಟಿ. ‘ಪೊಯ್ಶ್ ಎ’ ಎಂದರೆ ನಿಟ್ಟುಸಿರಿನೊಂದಿಗೆ ಬರುವ ನಮ್ಮ ‘ಅದೇ ನೋಡಿ’. ಇನ್ನು ‘ನಾಂವ್’ ಎಂದರೆ ‘ಇಲ್ಲ’ ಎಂದು ನಿಮಗೆ ಗೊತ್ತೇ ಇದೆ. ಪೋರ್ಚುಗಲ್ಲಿನಲ್ಲಿ ಒಬ್ಬರು ‘ಇವತ್ತು ಬಸ್ಸು ಬರಲಿಲ್ಲ’ ಎಂದಾಗ ಇನ್ನೊಬ್ಬರು ‘ಪೊಯ್ಶ್ ನಾಂವ್’ ಎಂದರೆ ‘ಬರಲಿಲ್ಲ ಬಿಡಿ’ ಎಂದು ಆ ನಿರಾಕರಣೆಗೆ ದನಿಗೂಡಿಸಿದಂತೆ. ಅದೇ ಎರಡು ಪದಗಳನ್ನು ಬ್ರೆಜಿಲ್ಲಿನ ಅಂಗಡಿಯವನು ‘ಪೊಯ್ಸ್ ನಾಂವ್?’ ಎಂದು ನಗುತ್ತಾ ಹೇಳಿದರೆ ‘ಹೇಳಿ, ಏನು ಕೊಡಲಿ?’ ಎಂದು ಅರ್ಥ. ಯಾರಾದರೂ ಏನನ್ನಾದರೂ ಕೇಳಿದಾಗ ‘ಧಾರಾಳವಾಗಿ’ ಎಂದು ಒಪ್ಪುವುದಕ್ಕೂ ಅಲ್ಲಿ ಅದನ್ನೇ ಬಳಸುತ್ತಾರೆ. ಜನಪ್ರಿಯ ಆ್ಯಪ್‌ಗಳಲ್ಲಿ ಹಲವು ಕಲಿಸುವುದು ಬ್ರೆಜಿಲ್ಲಿನ ಪೋರ್ಚುಗೀಸನ್ನು. ನಿಮ್ಮ ಎಂಟು ತಿಂಗಳ ಶ್ರಮ ವ್ಯರ್ಥವಾಗಿಲ್ಲ, ಆದರೆ ನೀವು ಇಳಿದಿರುವುದು ಬೇರೆ ದಡದಲ್ಲಿ.

ಇದೇ ಜಾತಿಗೆ ಸೇರಿದ ಇನ್ನೊಂದು ಪದ ‘ಝೆಯ್ತು’. ರೀತಿ, ಕೌಶಲ, ಉಪಾಯ, ನಯ ಇವೆಲ್ಲವೂ ಅದರೊಳಗಿವೆ. ಪೋರ್ಚುಗಲ್ಲಿನ ಸ್ನೇಹಿತ ‘ಗುರುವಾರ ನನಗೆ ಝೆಯ್ತು ಕೊಡುವುದಿಲ್ಲ’ ಎಂಬ ಅಕ್ಷರಾರ್ಥದ ಮಾತನ್ನು ಹೇಳಿದರೆ ‘ಗುರುವಾರ ನನಗೆ ಅನುಕೂಲವಾಗುವುದಿಲ್ಲ’ ಎಂದು ತಿಳಿಯಬೇಕು. ಬ್ರೆಜಿಲ್ಲಿನವನು ‘ಒಂದು ಝೆಯ್ತು ಕೊಡುತ್ತೇನೆ’ ಎಂದರೆ ‘ಹೇಗಾದರೂ ಮಾಡಿ ದಾರಿ ಹುಡುಕುತ್ತೇನೆ’ ಎಂದು. ಅದರ ಅಲ್ಪಾರ್ಥಕ ರೂಪವಾದ ‘ಝೆಯ್ಚೀಞು’ ಬ್ರೆಜಿಲ್ಲಿನ ಜನಜೀವನದ ಒಂದು ಇಡೀ ಅಧ್ಯಾಯ. ನಿಯಮವನ್ನು ಪೂರ್ತಿ ಮುರಿಯದೆ, ಪೂರ್ತಿ ಪಾಲಿಸದೆ, ಮುಖನೋಡಿ ಕೆಲಸ ಸಾಧಿಸಿಕೊಳ್ಳುವ ಆ ಕಲೆಗೆ ಬೆಂಗಳೂರಿನ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದಕ್ಕಿಂತ ಹತ್ತಿರದ ಅನುವಾದ ನನಗೆ ಯಾವ ಭಾಷೆಯಲ್ಲಿಯೂ ಸಿಕ್ಕಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಿಮ್ಮ ವಿಶ್ವವಿದ್ಯಾಲಯ ‘ಪ್ರುಪೀನ’ ಕಟ್ಟಿರೆಂದು ಪತ್ರ ಕಳುಹಿಸಿದರೆ ಗಾಬರಿಯಾಗಬೇಡಿ, ಪೋರ್ಚುಗಲ್ಲಿನಲ್ಲಿ ಅದು ಬೋಧನಾ ಶುಲ್ಕ. ಅದೇ ಪದ ಬ್ರೆಜಿಲ್ಲಿನಲ್ಲಿ ಲಂಚ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾನು ಪ್ರತಿದಿನ ಸಂಜೆ ಸಾವೊ ಪೌಲೊ ನಗರದ ತಂಡದೊಂದಿಗೆ ಮಾತನಾಡಬೇಕಾಗುತ್ತದೆ. ಒಂದು ದಿನ ಅವರು ತಮ್ಮ ಮ್ಯಾನೇಜರ್ ಬಕೆಟ್ ಒದ್ದರೆಂದು ಮಾತನಾಡಿಕೊಳ್ಳುವುದು ಕಿವಿಗೆ ಬಿತ್ತು. ಇಂಗ್ಲಿಷಿನಲ್ಲಿ ಆ ಮಾತಿಗೆ ಸಾಯುವುದೆಂಬ ಅರ್ಥ ಇರುವುದರಿಂದ ನಾನು ಸಂತಾಪ ಸೂಚಿಸಿದೆ. ಎಲ್ಲರೂ ನಕ್ಕರು. ಮರುದಿನ ಆ ಮ್ಯಾನೇಜರ್ ಸಭೆಗೆ ಬಂದರು.

ಉತ್ತರ: ಆ ಮ್ಯಾನೇಜರ್ ದೀರ್ಘಾಯುಷಿಗಳಾಗಲಿ. ನೀವು ಕೇಳಿದ್ದು ‘ಶುತಾರ್ ಉ ಬಾವ್ಜಿ’ ಎಂಬ ನುಡಿಗಟ್ಟನ್ನು. ತಾಳ್ಮೆ ಮುಗಿದು, ‘ಏನಾದರೂ ಆಗಲಿ’ ಎಂದು ಎಲ್ಲವನ್ನೂ ಬಿಟ್ಟು ಎದ್ದು ನಡೆಯುವುದು ಅದರ ಅರ್ಥ. ಸಾಯುವುದಕ್ಕೆ ಅವರು ‘ಬಾತೇರ್ ಆಸ್ ಬೊತಾಸ್’, ಅಂದರೆ ಬೂಟುಗಳನ್ನು ಬಡಿಯುವುದು ಎನ್ನುತ್ತಾರೆ. ಇಂಗ್ಲಿಷ್ ಬಲ್ಲ ಕನ್ನಡಿಗರು ಪೋರ್ಚುಗೀಸಿನಲ್ಲಿ ಎಡವುವುದು ಬಹುಪಾಲು ಇಂಥ ಕಡೆಗಳಲ್ಲಿಯೇ. ನಾವು ಎರಡು ಭಾಷೆಗಳ ನಡುವೆ ಇಂಗ್ಲಿಷನ್ನು ದಲ್ಲಾಳಿಯಾಗಿ ನಿಲ್ಲಿಸುತ್ತೇವೆ, ಅವನು ಎರಡೂ ಕಡೆಯಿಂದ ಕಮಿಷನ್ ಕೀಳುತ್ತಾನೆ. ಲಿಸ್ಬನ್ನಿಗೆ ಹೋದ ಮೊದಲ ವಾರ ನಾನೂ ಒಂದು ಬ್ಯಾಂಕಿನ ಗಾಜಿನ ಬಾಗಿಲ ಮೇಲೆ ಬರೆದಿದ್ದ ‘ಪುಶ್’ ಎಂಬುದನ್ನು ಓದಿ, ಒಳಗಿನವರೆಲ್ಲ ನೋಡುತ್ತಿರುವಂತೆ ಅದನ್ನು ತಳ್ಳುತ್ತಲೇ ನಿಂತಿದ್ದೆ. ಪೋರ್ಚುಗೀಸಿನಲ್ಲಿ ಆ ಪದಕ್ಕೆ ‘ಎಳೆಯಿರಿ’ ಎಂದು ಅರ್ಥ.

ಅಂದಹಾಗೆ, ಆ ‘ಬಾವ್ಜಿ’ ನಿಮಗೆ ಅಪರಿಚಿತವಲ್ಲ. ಬ್ರೆಜಿಲ್ಲಿನವರು ಪದದ ನಡುವಿನ ‘ಲ್’ ಧ್ವನಿಯನ್ನು ‘ವ್’ ಮಾಡಿ, ಕೊನೆಯ ‘ದೆ’ಯನ್ನು ‘ಜಿ’ ಮಾಡಿದ್ದರಿಂದ ಅದು ಗುರುತು ಸಿಗದಂತಾಗಿದೆ. ನಮ್ಮ ಕರಾವಳಿಯ ಬಾವಿಕಟ್ಟೆಯ ಮೇಲಿರುವ ‘ಬಾಲ್ದಿ’ ಅದೇ ಪದ, ಮತ್ತು ಮೂಲದ ರೂಪವನ್ನು ಸಾವೊ ಪೌಲೊಗಿಂತ ನಮ್ಮವರೇ ಚೆನ್ನಾಗಿ ಕಾಪಾಡಿಕೊಂಡಿದ್ದಾರೆ.

ಕಚೇರಿಯಲ್ಲಿ ನಿಮ್ಮ ಕಿವಿಗೆ ಬೀಳಬಹುದಾದ ಇನ್ನೂ ಕೆಲವನ್ನು ಹೇಳುತ್ತೇನೆ. ‘ಪಗಾರ್ ಉ ಪಾತು’ ಎಂದರೆ ಬಾತುಕೋಳಿಯ ಹಣ ಕೊಡುವುದು, ಅಂದರೆ ತಿಂದವರು ಯಾರೋ, ದಂಡ ಕಟ್ಟುವವರು ಯಾರೋ ಎಂಬ ಸ್ಥಿತಿ. ಉತ್ತರ ಕರ್ನಾಟಕದವರು ತಿಂಗಳ ಕೊನೆಗೆ ಎಣಿಸುವ ‘ಪಗಾರ’ ಈ ‘ಪಗಾರ್’ ಎಂಬ ಕ್ರಿಯಾಪದದಿಂದಲೇ ಬಂದದ್ದು, ಆದ್ದರಿಂದ ಧಾರವಾಡದವರಿಗೆ ಈ ನುಡಿಗಟ್ಟು ಮರೆಯುವ ಭಯವಿಲ್ಲ. ‘ಇಂಗೊಲೀರ್ ಸಾಪು’ ಎಂದರೆ ಕಪ್ಪೆ ನುಂಗುವುದು, ಮೇಲಿನವರ ಅವಮಾನವನ್ನು ತುಟಿಪಿಟಕ್ಕೆನ್ನದೆ ಸಹಿಸಿಕೊಳ್ಳುವುದಕ್ಕೆ ಹೀಗೆನ್ನುತ್ತಾರೆ. ‘ಇಂಶೇರ್ ಲಿಂಗ್ವೀಸ’ ಎಂದರೆ ಸಾಸೇಜಿನೊಳಗೆ ಏನನ್ನಾದರೂ ತುಂಬುವುದು, ಅಂದರೆ ಹೇಳಲು ವಿಷಯವಿಲ್ಲದೆ ಸ್ಲೈಡುಗಳ ಮೇಲೆ ಸ್ಲೈಡು ತೋರಿಸುವುದು. ‘ಕೆಬ್ರಾರ್ ಉ ಗಾಲ್ಯು’ ಎಂದರೆ ಕೊಂಬೆ ಮುರಿಯುವುದು, ಇದು ಬೈಗುಳವಲ್ಲ, ಸದ್ಯಕ್ಕೆ ತೇಪೆ ಹಚ್ಚಿ ಕೆಲಸ ಸಾಗುವಂತೆ ಮಾಡಿಕೊಡುವ ಉಪಕಾರ. ನಿಮ್ಮ ವೃತ್ತಿಯಲ್ಲಿ ಇದರ ಅಗತ್ಯ ದಿನಕ್ಕೆ ನಾಲ್ಕು ಸಲವಾದರೂ ಬೀಳುತ್ತದೆ. ‘ಪಿಜಾರ್ ನ ಬೊಲ’ ಎಂದರೆ ಚೆಂಡಿನ ಮೇಲೆ ಕಾಲಿಡುವುದು, ನಂಬಿದವರಿಗೆ ಕೈಕೊಡುವುದನ್ನೂ ಎಡವಟ್ಟು ಮಾಡುವುದನ್ನೂ ಸೂಚಿಸುತ್ತದೆ. ಫುಟ್‌ಬಾಲ್ ಆಡುವ ದೇಶ ತಪ್ಪನ್ನು ಬೇರೆ ಹೇಗೆ ವರ್ಣಿಸಲು ಸಾಧ್ಯ? ‘ಪುಶಾರ್ ಉ ಸಾಕು’, ಅಂದರೆ ಚೀಲ ಎಳೆಯುವುದು, ಎಂಬ ಮಾತನ್ನು ಮಾತ್ರ ನೀವು ಬಳಸಲು ಹೋಗಬೇಡಿ. ಅದಕ್ಕೆ ಮೇಲಧಿಕಾರಿಗೆ ಬಾಲ ಬಡಿಯುವುದೆಂಬ ಅರ್ಥವಿದೆ, ಅದರ ಮೂಲದಲ್ಲಿ ಸ್ವಲ್ಪ ಒರಟುತನವೂ ಇದೆ. ಇವೆಲ್ಲವನ್ನೂ ಕೇಳಿದೊಡನೆ ಅರ್ಥಮಾಡಿಕೊಳ್ಳುವುದು ನಿಮ್ಮ ಮೊದಲ ಕೆಲಸ. ಆಡುವುದಕ್ಕೆ ಎರಡನ್ನೋ ಮೂರನ್ನೋ ಆರಿಸಿಕೊಂಡರೆ ಸಾಕು. ಹೊರಗಿನವರ ಬಾಯಲ್ಲಿ ನುಡಿಗಟ್ಟುಗಳು ಒಂದರ ಹಿಂದೊಂದು ಉದುರತೊಡಗಿದರೆ ನಾಟಕದ ಸಂಭಾಷಣೆಯಂತೆ ಕೇಳಿಸುತ್ತದೆ.

ಪ್ರಶ್ನೆ: ‘ಸವ್‌ದಾದ್’ ಎಂಬ ಪದವನ್ನು ಬೇರೆ ಭಾಷೆಗೆ ಅನುವಾದಿಸಲು ಸಾಧ್ಯವೇ ಇಲ್ಲವಂತೆ, ನಿಜವೇ? (ಮೂವರು ಓದುಗರು ಕೇಳಿದ್ದಾರೆ.)

ಉತ್ತರ: ಪ್ರವಾಸಿಗರಿಗೆ ಮಾರುವ ಬಟ್ಟಲುಗಳ ಮೇಲೆ ಹಾಗೆಂದು ಬರೆದಿರುತ್ತದೆ. ‘ಹಂಬಲ’ ಎಂಬ ಪದವಿರುವ ಭಾಷೆಯವರು ಅದಕ್ಕೆ ಅಷ್ಟೊಂದು ಬೆರಗಾಗಬೇಕಿಲ್ಲ. ಅದರ ಬದಲು ‘ಮತಾರ್ ಸವ್‌ದಾದ್ಶ್’ ಎಂಬ ಬಳಕೆಯನ್ನು ಕಲಿತುಕೊಳ್ಳಿ. ಅಕ್ಷರಾರ್ಥದಲ್ಲಿ ಹಂಬಲವನ್ನು ಕೊಲ್ಲುವುದು. ಬಹುಕಾಲದ ಮೇಲೆ ಗೆಳೆಯರನ್ನು ಕಂಡಾಗಲೂ, ತಾಯಿಯ ಕೈಯಡುಗೆ ಉಂಡಾಗಲೂ ಜನ ನಿಜವಾಗಿ ಆಡುವ ಮಾತು ಅದು.

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಇತಿಹಾಸ ಅಧ್ಯಾಪಕ. ಹವ್ಯಾಸಕ್ಕಾಗಿ ಪೋರ್ಚುಗೀಸ್ ಕಲಿಯುತ್ತಿದ್ದೇನೆ. ವಯಸ್ಸಿನ ಕಾರಣದಿಂದ ಬಾಯಿಪಾಠ ಕಷ್ಟವಾಗಿದೆ. ಕಥೆಯಿದ್ದರೆ ನೆನಪುಳಿಯುತ್ತದೆ. ಇತಿಹಾಸದ ನೆನಪು ಹೊತ್ತ ನುಡಿಗಟ್ಟುಗಳು ಆ ಭಾಷೆಯಲ್ಲಿ ಇವೆಯೇ?

ಉತ್ತರ: ಇವೆ, ಮತ್ತು ಅವು ಇಂದಿಗೂ ಅಂಗಡಿ ಕಟ್ಟೆಗಳಲ್ಲಿ ಬಳಕೆಯಲ್ಲಿವೆ ಎಂಬುದೇ ಸಂತೋಷದ ಸಂಗತಿ. ಎಂದೂ ಮುಗಿಯದ ಕೆಲಸಕ್ಕೆ ನಾವು ಹನುಮಂತನ ಬಾಲ ಎನ್ನುವಲ್ಲಿ ಪೋರ್ಚುಗಲ್ಲಿನವರು ‘ಸಾಂತ ಇಂಗ್ರಾಸಿಯದ ಕಾಮಗಾರಿ’ ಎನ್ನುತ್ತಾರೆ. ಲಿಸ್ಬನ್ನಿನಲ್ಲಿ ಆ ಹೆಸರಿನ ಇಗರ್ಜಿಯ ಕಟ್ಟಡವನ್ನು 1682ರಲ್ಲಿ ಆರಂಭಿಸಿದರು. ಅದರ ಗುಮ್ಮಟ ಪೂರ್ಣಗೊಂಡದ್ದು 1966ರಲ್ಲಿ! ಅನ್ಯಾಯವಾಗಿ ಮರಣದಂಡನೆಗೆ ಗುರಿಯಾದವನೊಬ್ಬನ ಶಾಪದಿಂದ ಹಾಗಾಯಿತೆಂಬ ಐತಿಹ್ಯವೂ ಇದೆ. ಇಂದು ಅದು ದೇಶದ ಗಣ್ಯರ ಸಮಾಧಿಗಳಿರುವ ರಾಷ್ಟ್ರೀಯ ಸ್ಮಾರಕ. ಕಟ್ಟಡ ಮುಗಿದು ದಶಕಗಳಾದರೂ ನುಡಿಗಟ್ಟು ನಿವೃತ್ತವಾಗಿಲ್ಲ. ರಸ್ತೆ ಅಗೆದು ಬಿಟ್ಟಿರುವ ಯಾವ ಬೀದಿಯಲ್ಲಿಯೂ ನೀವು ಅದನ್ನು ಕೇಳಬಹುದು.

‘ಇನೇಶ್ ಎ ಮೊರ್ತ’, ಅಂದರೆ ‘ಇನೇಶ್ ಸತ್ತಾಗಿದೆ’ ಎಂಬುದು ನಮ್ಮ ‘ಕಾಲ ಮಿಂಚಿದ ಮೇಲೆ ಚಿಂತಿಸಿ ಫಲವೇನು’ ಎಂಬುದಕ್ಕೆ ಸಮ. ಇನೇಶ್ ದ ಕಾಶ್ತ್ರು ಇಂದಿನ ಸ್ಪೇನಿಗೆ ಸೇರಿದ ಗಲೀಸಿಯ ಪ್ರಾಂತ್ಯದ ಕುಲೀನ ಮನೆತನದವಳು, ಯುವರಾಜ ಪೆದ್ರುವಿನ ಪತ್ನಿಯ ಪರಿವಾರದಲ್ಲಿ ಬಂದು ಅವನ ಪ್ರೇಯಸಿಯಾದವಳು. ಯುವರಾಜನ ತಂದೆ ನಾಲ್ಕನೆಯ ಅಫೊನ್ಸು 1355ರ ಜನವರಿಯಲ್ಲಿ ಅವಳನ್ನು ಕೊಯಿಂಬ್ರದಲ್ಲಿ ಕೊಲ್ಲಿಸಿದ. ಎರಡು ವರ್ಷಗಳ ನಂತರ ಸಿಂಹಾಸನವೇರಿದ ಪೆದ್ರು ಅವಳ ಶವಕ್ಕೇ ಕಿರೀಟ ತೊಡಿಸಿ ರಾಣಿಯೆಂದು ಸಾರಿದನೆಂಬ ಕಥೆ ಪ್ರಸಿದ್ಧವಾಗಿದೆ. ಶವದ ಪಟ್ಟಾಭಿಷೇಕ ದಂತಕಥೆಯೇ ಇರಬೇಕು, ಆದರೆ ಅಲ್ಕುಬಾಸದ ಮಠದಲ್ಲಿ ಪಾದಕ್ಕೆ ಪಾದ ಎದುರಾಗಿರುವ ಅವರಿಬ್ಬರ ಶಿಲಾಸಮಾಧಿಗಳು ದಂತಕಥೆಯಲ್ಲ. ರೈಲು ತಪ್ಪಿಸಿಕೊಂಡವರಿಗೂ, ಅರ್ಜಿಯ ಕೊನೆಯ ದಿನಾಂಕ ಮರೆತವರಿಗೂ ಆ ನಾಡು ಇಂದಿಗೂ ಆಕೆಯ ಸಾವನ್ನೇ ನೆನಪಿಸುತ್ತದೆ.

‘ಫಿಕಾರ್ ಅ ವೇರ್ ನವೀಯುಶ್’ ಎಂದರೆ ಹಡಗುಗಳನ್ನು ನೋಡುತ್ತಾ ಉಳಿಯುವುದು, ಆಸೆಪಟ್ಟದ್ದು ಕೈತಪ್ಪಿ ಬರಿಗೈಯಲ್ಲಿ ನಿಲ್ಲುವುದು. ಇದಕ್ಕೆ ಎರಡು ಮೂಲಕಥೆಗಳನ್ನು ಹೇಳುತ್ತಾರೆ. 1578ರಲ್ಲಿ ಮೊರೊಕ್ಕೊದ ಅಲ್ಕಾಸರ್ ಕಿಬೀರ್ ಕದನದಲ್ಲಿ ಮಡಿದ ತರುಣ ದೊರೆ ಸೆಬಾಸ್ತಿಯಾಂವ್ ಮರಳಿ ಬಂದೇ ಬರುವನೆಂದು ಜನ ಲಿಸ್ಬನ್ನಿನ ದಿಬ್ಬದ ಮೇಲೆ ನಿಂತು ಹಡಗುಗಳನ್ನು ಕಾಯುತ್ತಿದ್ದರೆಂಬುದು ಒಂದು. ಎರಡನೆಯದು ನೆಪೋಲಿಯನ್ನನ ಕಾಲದ್ದು. 1807ರ ನವೆಂಬರ್ 29ರಂದು ಪೋರ್ಚುಗಲ್ಲಿನ ರಾಜಪರಿವಾರವೆಲ್ಲ ಬ್ರೆಜಿಲ್ಲಿಗೆ ಹಡಗು ಹತ್ತಿ ಹೊರಟುಹೋಯಿತು. ಮರುದಿನ ನಗರವನ್ನು ಹೊಕ್ಕ ಫ್ರೆಂಚ್ ಸೇನಾನಿ ಜುನೊಗೆ ಕಾಣಲು ಉಳಿದದ್ದು ದೂರದ ಹಾಯಿಗಳು ಮಾತ್ರ. ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಹೊಣೆ ಇತಿಹಾಸದ ಅಧ್ಯಾಪಕರಾದ ನಿಮ್ಮದು. ಕಥೆಯಾಗಿ ನನಗೆ ಎರಡನೆಯದೇ ಹೆಚ್ಚು ರುಚಿಸುತ್ತದೆ.

ಇನ್ನೊಂದು ಲಿಸ್ಬನ್ನಿನ ಮಾತು ‘ಕಾರ್ಮು ಮತ್ತು ತ್ರಿಂದಾದ್ ಬಿದ್ದುಹೋಗುತ್ತವೆ’ ಎಂಬುದು. ಇವು 1755ರ ನವೆಂಬರ್ 1ರ ಮಹಾಭೂಕಂಪದಲ್ಲಿ ಕುಸಿದ ಎರಡು ಮಠಗಳು. ಕಾರ್ಮುವಿನ ಚಾವಣಿಯಿಲ್ಲದ ಕಮಾನುಗಳನ್ನು ಇಂದಿಗೂ ನೋಡಬಹುದು. ಅಷ್ಟು ದೊಡ್ಡ ದುರಂತದ ನೆನಪನ್ನು ಜನ ಈಗ ವ್ಯಂಗ್ಯಕ್ಕೆ ಬಳಸುತ್ತಾರೆ. ಮಗ ಊಟಕ್ಕೆ ತಡವಾಗಿ ಬಂದನೆಂದು ಮನೆಯಲ್ಲಿ ರಂಪವಾದರೆ ‘ಕಾರ್ಮುವೂ ತ್ರಿಂದಾದೂ ಬಿದ್ದವು’ ಎಂದರಾಯಿತು.

ಬ್ರೆಜಿಲ್ಲಿನಿಂದ ಒಂದನ್ನು ಆರಿಸುವುದಾದರೆ ‘ಪರ ಇಂಗ್ಲೇಸ್ ವೇರ್’, ಅಂದರೆ ‘ಇಂಗ್ಲಿಷರು ನೋಡಲೆಂದು’. ಬ್ರಿಟನ್ನಿನ ಒತ್ತಡಕ್ಕೆ ಮಣಿದು ಬ್ರೆಜಿಲ್ 1831ರಲ್ಲಿ ಆಫ್ರಿಕದಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಕಾಗದದ ಮೇಲೆ ಉಳಿಯಿತು, ಹಡಗುಗಳು ಬರುತ್ತಲೇ ಇದ್ದವು. ಆ ವ್ಯಾಪಾರಕ್ಕೆ ನಿಜವಾದ ತಡೆ ಬಿದ್ದದ್ದು 1850ರ ಇನ್ನೊಂದು ಕಾನೂನಿನಿಂದ. ಕಣ್ಣೊರೆಸುವುದಕ್ಕೆಂದೇ ಮಾಡುವ ಕೆಲಸಕ್ಕೆ ಈ ಮಾತು ನಿಂತದ್ದು ಆ ಕಾನೂನಿನಿಂದಲೇ ಎಂಬ ವಿವರಣೆ ಹೆಚ್ಚು ಪ್ರಚಲಿತವಾಗಿದೆ. ಮಂತ್ರಿಗಳು ಬರುವ ಹಿಂದಿನ ರಾತ್ರಿ ಡಾಂಬರು ಕಾಣುವ ರಸ್ತೆಗಳ ಬಗ್ಗೆ ಮಾತನಾಡುವಾಗ ನೀವೂ ಬಳಸಬಹುದು.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಉಡುಪಿಯಿಂದ ಲಿಸ್ಬನ್ನಿಗೆ ಹೋಗುತ್ತಿದ್ದೇನೆ. ನೆರೆಮನೆಯವರೊಡನೆ ಎರಡು ಮಾತಾಡುವಷ್ಟು ಕಲಿತರೆ ಸಾಕು. ಯಾವುದರಿಂದ ಆರಂಭಿಸಲಿ?

ಉತ್ತರ: ಸಂಬೋಧನೆಯಿಂದ ಆರಂಭಿಸಿರಮ್ಮ. ಪುಸ್ತಕಗಳಲ್ಲಿ ‘ವೊಸೆ’ ಎಂಬುದನ್ನು ‘ನೀವು’ ಎಂದು ಕೊಟ್ಟಿರುತ್ತಾರೆ. ಬ್ರೆಜಿಲ್ಲಿನಲ್ಲಿ ಅದು ನಿರಾತಂಕವಾಗಿ ನಡೆಯುತ್ತದೆ, ಪೋರ್ಚುಗಲ್ಲಿನಲ್ಲಿ ಮಾತ್ರ ಹಿರಿಯರಿಗೆ ನೇರವಾಗಿ ಹಾಗೆಂದರೆ ಹಲವರ ಕಿವಿಗೆ ಒರಟಾಗಿ ಕೇಳಿಸುತ್ತದೆ. ಗಂಡಸರಿಗೆ ‘ಉ ಸಿಞೋರ್’, ಹೆಂಗಸರಿಗೆ ‘ಅ ಸಿಞೋರ’ ಎನ್ನಿ. ಪರಿಚಯವಾದ ಮೇಲೆ ಹೆಂಗಸರ ಹೆಸರಿನ ಮುಂದೆ ‘ದೋನ’ ಸೇರಿಸಿ, ಎದುರಿಗಿದ್ದವರನ್ನೇ ಪ್ರಥಮ ಪುರುಷದಲ್ಲಿ ಮಾತನಾಡಿಸಬಹುದು: ‘ದೋನ ಮರೀಯ ಕಾಫಿ ಕುಡಿಯುತ್ತಾರೆಯೇ?’ ಎಂದರೆ ‘ಮರಿಯಮ್ಮನವರೇ, ಕಾಫಿ ಕುಡಿಯುತ್ತೀರಾ?’ ಎಂದೇ ಅರ್ಥ. ಕೃತಜ್ಞತೆ ಹೇಳುವಾಗ ಹೆಂಗಸರು ‘ಒಬ್ರಿಗಾದ’ ಎನ್ನಬೇಕು, ‘ಒಬ್ರಿಗಾದು’ ಗಂಡಸರ ಮಾತು.

ಯಾರಾದರೂ ‘ಹೇಗಿದ್ದೀರಿ?’ ಎಂದರೆ ಪುಸ್ತಕದ ‘ಬಹಳ ಚೆನ್ನಾಗಿದ್ದೇನೆ’ ಎಂಬ ಉತ್ತರ ಬೇಡ. ಅಲ್ಲಿಯ ಹಿರಿಯರು ಹೇಳುವುದು ‘ವಾಯ್-ಸ ಅಂದಾಂದು’, ಅಂದರೆ ‘ಹೀಗೇ ನಡೀತಾ ಇದೆ’. ಮೊಣಕಾಲು ನೋವು, ಮಳೆ, ದಿನಸಿಯ ಬೆಲೆ, ಎಲ್ಲವೂ ಆ ಒಂದು ಮಾತಿನ ಹಿಂದೆ ತಾವಾಗಿ ಬರುತ್ತವೆ. ಆಮೇಲೆ ನೀವು ಆಗಾಗ ‘ಪೊಯ್ಶ್’ ಎನ್ನುತ್ತಿದ್ದರಾಯಿತು.

ಪ್ರಶ್ನೆ: ಮಂಗಳೂರಿನ ಕೊಂಕಣಿ ಮನೆಮಾತಿನವಳು ನಾನು. ಶಾಲೆಯ ಭಾಷೆ ಕನ್ನಡ. ಇಂಗ್ಲಿಷನ್ನು ಬದಿಗಿಟ್ಟು ನಮ್ಮ ಭಾಷೆಗಳಿಂದಲೇ ಪೋರ್ಚುಗೀಸ್ ನುಡಿಗಟ್ಟುಗಳನ್ನು ಕಲಿಯಲು ಸಾಧ್ಯವೇ?

ಉತ್ತರ: ಸಾಧ್ಯ, ಮತ್ತು ನಾನು ಅದನ್ನೇ ಒತ್ತಿ ಹೇಳುತ್ತೇನೆ. ಮೇಜು, ಅಲಮಾರು, ಚಾವಿ, ಮೇಸ್ತ್ರಿ, ಪಾದ್ರಿ, ಅನಾನಸು ಮುಂತಾದ ಪದಗಳು ನಮಗೆ ಪೋರ್ಚುಗೀಸಿನಿಂದಲೇ ಬಂದವು, ನಿಮ್ಮ ಕೊಂಕಣಿಯಲ್ಲಿ ಅಂಥವು ಇನ್ನೂ ಹೆಚ್ಚು. ಆದರೆ ಎರವಲು ಪದಗಳ ಪಟ್ಟಿಯಿಂದ ಮಾತು ಬರುವುದಿಲ್ಲ. ಹೆಚ್ಚು ಪ್ರಯೋಜನವಾಗುವುದು ಎರಡೂ ಕಡೆಯವರು ಯೋಚಿಸುವ ದಾರಿ ಕೂಡುವಲ್ಲಿ. ನಾವು ‘ಕೈಬಿಡು’ ಎನ್ನುವಲ್ಲಿ ಅವರು ‘ಅಬ್ರೀರ್ ಮಾಂವ್’, ಕೈ ತೆರೆ, ಎನ್ನುತ್ತಾರೆ. ಬಾಯಲ್ಲಿ ನೀರೂರುವುದೂ ಪರರ ವಿಷಯದಲ್ಲಿ ಮೂಗು ತೂರಿಸುವುದೂ ಅಲ್ಲಿ ಯಥಾವತ್ತಾಗಿವೆ. ‘ಮೀನಿನ ಮರಿಗೆ ಈಜು ಕಲಿಸಬೇಕೇ’ ಎಂಬುದಕ್ಕೆ ಅವರದು ‘ಮೀನಿನ ಮಗನಿಗೆ ಈಜು ಬರುತ್ತದೆ’. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬಲ್ಲಿ ಅವರ ಕೋಳಿ ಕಾಳು ಕಾಳಾಗಿ ತನ್ನ ಗಂಟಲಚೀಲ ತುಂಬಿಸಿಕೊಳ್ಳುತ್ತದೆ.

ಕ್ರಿಯಾಪದಗಳ ವಿಷಯದಲ್ಲಂತೂ ಕನ್ನಡಿಗರಿಗೆ ಅನುಕೂಲ ಹೆಚ್ಚು. ಕನ್ನಡದಲ್ಲಿ ‘ಹೊಡೆ’ ಎಂಬ ಒಂದೇ ಪದದಿಂದ ನಿದ್ದೆಯನ್ನೂ ಫೋನನ್ನೂ ಲಾಟರಿಯನ್ನೂ ಹೊಡೆಯುವ ನಮಗೆ, ‘ಕೊಡು’ ಎಂಬ ಅರ್ಥದ ‘ದಾರ್’ ಎಂಬ ಒಂದೇ ಪದದಿಂದ ಅವರು ಸಂಸಾರ ಸಾಗಿಸುವುದು ವಿಚಿತ್ರವೆನಿಸಬಾರದು. ‘ದಾರ್ ಉಮ ವೊಲ್ತ’ ಎಂದರೆ ಒಂದು ಸುತ್ತು ಹಾಕುವುದು, ‘ದಾರ್ ಸೆರ್ತು’ ಎಂದರೆ ಸರಿಹೋಗುವುದು, ‘ನಾಂವ್ ದಾ’ ಎಂದರೆ ಆಗುವುದಿಲ್ಲ, ‘ದಾರ್ ಅ ಲುಶ್’, ಬೆಳಕಿಗೆ ಕೊಡುವುದು, ಎಂದರೆ ಹೆರುವುದು.

ದಾರಿ ಕವಲೊಡೆಯುವ ಕಡೆಗಳನ್ನು ಬೇರೆಯಾಗಿ ಗುರುತಿಸಿಟ್ಟುಕೊಳ್ಳಿ. ನಮಗೆ ಅಸೂಯೆ ಹೊಟ್ಟೆಯ ಕಿಚ್ಚು, ಅವರಿಗೆ ಅದು ‘ದೋರ್ ದ ಕುತುವೇಲು’, ಮೊಣಕೈಯ ನೋವು. ಪೋರ್ಚುಗಲ್ಲಿನಲ್ಲಿ ನೆರೆಯವರ ಹೊಸ ಕಾರು ನೋಡಿದರೂ ಮೊಣಕೈ ನೋಯುತ್ತದೆ, ಬ್ರೆಜಿಲ್ಲಿನಲ್ಲಿ ಅದು ಹೆಚ್ಚಾಗಿ ಪ್ರೇಮದಲ್ಲಿ ಸೋತವರ ನೋವು. ಟಿಪ್ಪಣಿ ಪುಸ್ತಕದಲ್ಲಿ ನುಡಿಗಟ್ಟಿನ ಅರ್ಥವನ್ನಷ್ಟೇ ಬರೆಯದೆ, ಯಾರು, ಯಾರಿಗೆ, ಯಾವ ಊರಿನಲ್ಲಿ, ನಗುತ್ತಲೋ ಸಿಡುಕುತ್ತಲೋ ಹೇಳಿದರೆಂಬುದನ್ನು ಇಡೀ ವಾಕ್ಯದೊಂದಿಗೆ ಬರೆಯಿರಿ. ‘ರಪರೀಗ’ ಎಂಬ ಪದ ಪೋರ್ಚುಗಲ್ಲಿನಲ್ಲಿ ಯಾವ ಹುಡುಗಿಗಾದರೂ ಸಲ್ಲುತ್ತದೆ, ಬ್ರೆಜಿಲ್ಲಿನ ಹಲವು ಕಡೆ ಅದೇ ಪದ ದೊಡ್ಡ ಬೈಗುಳ. ಊರಿನ ಹೆಸರು ಬರೆದಿಡದ ಟಿಪ್ಪಣಿಯಿಂದ ಜಗಳವಾಗಬಹುದು.

ಪ್ರಶ್ನೆ: ಪೌರತ್ವದ ಅರ್ಜಿಗಾಗಿ ಲಿಸ್ಬನ್ ವಿಶ್ವವಿದ್ಯಾಲಯದ ‘ಸಿಪ್ಲೆ’ ಪರೀಕ್ಷೆಗೆ ಓದುತ್ತಿದ್ದೇನೆ. ನುಡಿಗಟ್ಟುಗಳಿಲ್ಲದೆ ತೇರ್ಗಡೆಯಾಗಬಹುದೇ? (ಬೆಳಗಾವಿ)

ಉತ್ತರ: ಆಗಬಹುದು. ಅದು ಎ2 ಹಂತದ, ಅಂದರೆ ಯುರೋಪಿನ ಭಾಷಾಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯ ಮೆಟ್ಟಿಲಿನ ಪರೀಕ್ಷೆ. ಅಂಗಡಿ, ವೈದ್ಯರು, ಪ್ರಯಾಣ, ಮನೆ ಬಾಡಿಗೆ ಇಂಥ ನಿತ್ಯದ ಸಂದರ್ಭಗಳಲ್ಲಿ ಸರಳವಾಗಿ ಓದಿ, ಬರೆದು, ಮಾತನಾಡಿದರೆ ಸಾಕು. ಹಡಗು ನೋಡುವುದನ್ನೂ ಕಪ್ಪೆ ನುಂಗುವುದನ್ನೂ ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಅಭ್ಯರ್ಥಿಗಳು ಸಾಮಾನ್ಯವಾಗಿ ಹೆಣಗಾಡುವುದು ಕೇಳಿ ಗ್ರಹಿಸುವ ಭಾಗದಲ್ಲಿ, ಏಕೆಂದರೆ ಪೋರ್ಚುಗಲ್ಲಿನವರು ಒತ್ತಿಲ್ಲದ ಸ್ವರಗಳನ್ನು ನುಂಗಿಬಿಡುತ್ತಾರೆ. ಅಲ್ಲಿಯ ಸಾರ್ವಜನಿಕ ಬಾನುಲಿಯಾದ ‘ಅಂತೇನ 1’ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ಅರ್ಥವಾಗಲಿ ಬಿಡಲಿ, ಅಡುಗೆ ಮಾಡುವಾಗ ಹಾಕಿಟ್ಟುಕೊಳ್ಳಿ.